ಮಂಗನ ಗಾಡಿ ಹೋಯ್ತು, ಉಣುಗು?

ಬೆಳಿಗ್ಗೆ ಎದ್ದು ವಾಟ್ಸಾಪ್ ತೆರೆದರೆ ಒಂದು ವಿಡಿಯೊ. ಪಿಕಪ್ ಗಾಡಿ, ಹಿಂದೆ ಕಬ್ಬಿಣದ ಬೋನು, ಬೋನಿನ ತುಂಬ ಮಂಗ. ಸುತ್ತ ಚಪ್ಪಾಳೆ. "ನಮ್ಮ ತೋಟ ಕ್ಲೀನ್" ಅಂತ ಯಾರದೋ ದನಿ. ಎಲ್ಲಿಗೆ ಬಿಡ್ತೀರಿ ಅಂತ ಕೇಳಿದವರಿಗೆ "ದೂರದ ಕಾಡಿಗೆ ಸಾರ್" ಅಂತ ಉತ್ತರ. ಅದೂ ಜನವರಿಯಲ್ಲಿ! ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿಯ ಜನಕ್ಕೆ ಜನವರಿ ಅಂದರೆ ಮಂಗನ ಕಾಯಿಲೆಯ ಕಾಲ ಅಂತ ಬೇರೆ ಹೇಳಬೇಕಾ?

"ದೂರ" ಅನ್ನೋದು ಇನ್ನೊಬ್ಬರ ಊರು ಮಾರಾಯ್ರೆ. ಅಲ್ಲೂ ತರಗೆಲೆ ಗುಡಿಸುವ ಹೆಂಗಸರಿದ್ದಾರೆ.

ಮೊದಲ ತಪ್ಪು ಹೆಸರಿನಲ್ಲೇ ಆಗಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬಿದ್ದವು, ಅಕ್ಕಪಕ್ಕದ ಊರಿನವರಿಗೆ ಜ್ವರ ಬಂತು, ನಾವು "ಮಂಗನ ಕಾಯಿಲೆ" ಅಂದೆವು. ಮಂಗ ಸಾಯುತ್ತಿದ್ದುದು ನೋಡಿ ಇದು ಹಳದಿ ಜ್ವರ ಇರಬಹುದಾ ಅಂತ ಆಗಿನ ತಜ್ಞರೂ ಗಾಬರಿಯಾಗಿದ್ದರು. ನೋಡಿದರೆ ರಷ್ಯಾ ಕಡೆಯ ಉಣುಗುಜ್ವರದ ನಂಟಿನ ಹೊಸ ವೈರಸ್. ಅದನ್ನು ದಾಟಿಸುವುದು ಉಣುಗು ಎಂಬ ರಕ್ತ ಕುಡಿಯುವ ಸಣ್ಣ ಹುಳ, ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ಉಣುಗಿನ ಕಾಯಿಲೆ ಅಂತ ಕರೆದಿದ್ದರೆ ಇವತ್ತು ಬೋನು ಹಿಡಿದು ಓಡುವ ಬದಲು ಕೊಟ್ಟಿಗೆ ಕಡೆ ನೋಡುತ್ತಿದ್ದೆವೇನೋ.

ಈ ಉಣುಗಿನ ಬದುಕು ಗೊತ್ತಾದರೆ ಗಾಡಿಯ ಮೂರ್ಖತನ ತಾನಾಗಿ ಗೊತ್ತಾಗುತ್ತದೆ. ಇಡೀ ಜೀವಮಾನದಲ್ಲಿ ಅದು ರಕ್ತ ಕುಡಿಯುವುದು ಮೂರು ಸಲ, ಮೂರು ಬೇರೆ ಬೇರೆ ಪ್ರಾಣಿಗಳ ಮೈಮೇಲೆ. ಮಳೆಗಾಲದಲ್ಲಿ ಬೆಳೆದ ಹೆಣ್ಣು ಉಣುಗು ದನವನ್ನೋ ಕಾಟಿಯನ್ನೋ ಹಿಡಿಯುತ್ತದೆ. ಹೊಟ್ಟೆ ಬಿರಿಯುವಷ್ಟು ಕುಡಿದು ನೆಲಕ್ಕೆ ಬಿದ್ದು, ತರಗೆಲೆಯ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ನಿಂತ ಮೇಲೆ ಆರು ಕಾಲಿನ ಮರಿ ಹೊರಬಂದು ಇಲಿ, ಮೂಗಿಲಿ, ಅಳಿಲು, ಕಾಡುಕೋಳಿ, ಮಂಗ, ಸಿಕ್ಕಿದ್ದನ್ನು ಹತ್ತುತ್ತದೆ. ಕೆಲವು ದಿನ ಕುಡಿದು ಮತ್ತೆ ನೆಲಕ್ಕೆ. ಅಲ್ಲಿ ಪೊರೆ ಬಿಟ್ಟು ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಗಾತ್ರ ಗಸಗಸೆ ಕಾಳಿನಷ್ಟು. ಮನುಷ್ಯರಿಗೆ ಜ್ವರ ಹತ್ತಿಸುವುದು ಹೆಚ್ಚಾಗಿ ಇದೇ, ಡಿಸೆಂಬರಿಂದ ಮೇವರೆಗೆ. ಹುಲ್ಲಿನ ತುದಿಗೋ ಒಣಎಲೆಯ ಅಂಚಿಗೋ ಹತ್ತಿ, ಮುಂಗಾಲು ಎರಡನ್ನೂ ಗಾಳಿಗೆ ಚಾಚಿ ಕಾಯುತ್ತಿರುತ್ತದೆ. ನಮ್ಮ ಉಸಿರಿನ ವಾಸನೆ, ಮೈಯ ಬಿಸಿ ಅದಕ್ಕೆ ಆ ಕಾಲಲ್ಲೇ ಗೊತ್ತಾಗುತ್ತದೆ. ಹಾರುವುದಿಲ್ಲ, ನೆಗೆಯುವುದಿಲ್ಲ. ನಾವು ತಾಗಿದರೆ ಅಂಟಿಕೊಳ್ಳುತ್ತದೆ, ಅಷ್ಟೆ.

ಇಲ್ಲಿ ಮಂಗನ ಪಾತ್ರ ಏನು? ಸೋಂಕು ತಗುಲಿದ ಮಂಗದ ರಕ್ತದಲ್ಲಿ ಕೆಲವು ದಿನ ವೈರಸ್ ತುಂಬಿ ತುಳುಕುತ್ತದೆ. ಆ ದಿನಗಳಲ್ಲಿ ಕುಡಿದ ಮರಿಗಳೆಲ್ಲ ಉದುರಿ, ಪೊರೆ ಬಿಟ್ಟು, ವೈರಸ್ ಸಮೇತ ಎಳೆ ಉಣುಗಾಗಿ ಏಳುತ್ತವೆ. ಮಂಗ ಸತ್ತ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ಇದೇ ಕಾರಣಕ್ಕೆ. ಈಗ ಆ ಮಂಗವನ್ನೇ ಬೋನಿಗೆ ಹಾಕಿ ನಾಲ್ಕು ತಾಲ್ಲೂಕು ದಾಟಿಸಿ. ಉಣುಗಿಗೆ ತಾನಾಗಿ ನಾಲ್ಕು ಮಾರು ಹೋಗುವುದೂ ಕಷ್ಟ, ನಾವು ಡೀಸೆಲ್ ಹಾಕಿಸಿ ಕಳಿಸಿಕೊಡುತ್ತೇವೆ. ಎಂಥ ಉಪಕಾರ!

ಮಂಗ ಸಾಯುವುದು ನಮಗೆ ಸಿಗುವ ಮುನ್ಸೂಚನೆ ಕೂಡ. ಇಲಿ, ಮೂಗಿಲಿಗಳಲ್ಲಿ ಈ ವೈರಸ್ ಸದ್ದಿಲ್ಲದೆ ಸುತ್ತುತ್ತಿದ್ದರೆ ಯಾರಿಗೆ ಗೊತ್ತಾಗುತ್ತದೆ? ಮುಸುವವೋ ಕೆಂಪು ಮೂತಿಯ ಮಂಗವೋ ಸತ್ತು ಬಿದ್ದಾಗ ಮಾತ್ರ ಕಾಡು ಬಾಯಿಬಿಟ್ಟು ಹೇಳುತ್ತದೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಕೈಮುಗಿದು ಹೂವು ಹಾಕಲು ಹತ್ತಿರವೂ ಹೋಗಬೇಡಿ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ.

ಈಗ ಬರುತ್ತದೆ ನೋಡಿ, "ನೀವು ತೋಟ ಮಾಡಿ ನೋಡಿ, ಆಮೇಲೆ ಹೇಳಿ" ಅನ್ನುವ ಕಾಮೆಂಟ್. ಒಪ್ಪಿದೆ. ಬಾಳೆಗೊನೆ ಉಳಿಯುವುದಿಲ್ಲ, ಏಲಕ್ಕಿ ಉಳಿಯುವುದಿಲ್ಲ, ಎಳನೀರು ಕಿತ್ತು ಒಂದು ಗುಟುಕು ಕುಡಿದು ಬಿಸಾಡುತ್ತವೆ. ಮಂಗನ ಮೇಲೆ ನನಗೂ ಪ್ರೀತಿ ಉಕ್ಕಿ ಹರಿಯುತ್ತಿಲ್ಲ, ಹನುಮಂತನಾಣೆ. ಆದರೆ ಹಿಡಿದುಕೊಂಡು ಹೋದರೆ ಕಡಿಮೆಯಾಗುತ್ತವಾ? ಒಂದು ಗುಂಪನ್ನು ಖಾಲಿ ಮಾಡಿದರೆ ಆ ಜಾಗದ ಬಾಳೆ ಖಾಲಿಯಾಗುವುದಿಲ್ಲವಲ್ಲ. ಕಾದು ಕೂತಿದ್ದ ಪಕ್ಕದ ಗುಂಪು ಒಳಗೆ ಬರುತ್ತದೆ. ಹೊಟ್ಟೆ ತುಂಬಿದ ತಾಯಿಯ ಮರಿ ಹೆಚ್ಚು ಬದುಕುತ್ತದೆ, ಸಂಖ್ಯೆ ಮತ್ತೆ ಮೊದಲಿನಷ್ಟೇ. ಒಯ್ದು ಬಿಟ್ಟವು ಆ ಕಾಡಿನಲ್ಲಿ ನಿಲ್ಲುವುದಿಲ್ಲ, ರಸ್ತೆಗೆ ಬಂದು ಬಿಸ್ಕೆಟ್‌ಗೆ ಕೈ ಚಾಚುತ್ತವೆ. ಅತ್ತಿ, ಬಸರಿ, ನೇರಳೆ, ಹೆಬ್ಬಲಸು ಇದ್ದ ಗುಡ್ಡದಲ್ಲಿ ಸಾಲು ಸಾಲು ಅಕೇಸಿಯಾ ನಿಲ್ಲಿಸಿದ್ದೂ ನಾವೇ ತಾನೆ? ಅಕೇಸಿಯಾದಲ್ಲಿ ಮಂಗ ಏನು ತಿನ್ನಬೇಕು, ತೊಗಟೆಯಾ?

ಮಾಡಬೇಕಾದ ಕೆಲಸ ಕೊಟ್ಟಿಗೆಯಲ್ಲಿದೆ, ಅದರಲ್ಲಿ ವಿಡಿಯೊಗೆ ಮಜಾ ಇಲ್ಲ. ದನದ ಮೈಯಲ್ಲಿ ಈ ವೈರಸ್ ಹೆಚ್ಚು ಬೆಳೆಯುವುದಿಲ್ಲ, ಆದರೆ ಉಣುಗಿನ ಸಂತತಿ ಬೆಳೆಯುವುದು ಅಲ್ಲೇ. ಹಾಗಾಗಿ ಕಾಡಿಗೆ ಮೇಯಲು ಹೋಗುವ ದನಕ್ಕೆ ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಬೇಕಾದ್ದು ಮಳೆಗಾಲದಲ್ಲಿ, ಹೆಣ್ಣು ಉಣುಗು ಮೊಟ್ಟೆ ಇಡುವ ಮೊದಲು. ನಾವು ಎಚ್ಚರವಾಗುವುದು ಜ್ವರ ಬಂದ ಮೇಲೆ, ಫೆಬ್ರವರಿಯಲ್ಲಿ. ತರಗೆಲೆಯನ್ನು ಕೊಟ್ಟಿಗೆಗೆ ಹಾಸಲು ತಂದು ಮನೆಯ ಗೋಡೆಗೆ ಒತ್ತಿ ರಾಶಿ ಹಾಕುವುದಂತೂ ಉಣುಗನ್ನು ಮನೆಗೆ ಕರೆದ ಹಾಗೆ. ಸೊಪ್ಪಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಸವರಿ, ತುಂಬುತೋಳಿನ ಅಂಗಿ ಹಾಕಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೀಡಿಕಿಡಿ, ಉಗುರಲ್ಲಿ ಕುಕ್ಕುವುದು ಯಾವುದೂ ಬೇಡ. ಹಳೇ ಲಸಿಕೆ ಇದೆಯಲ್ಲ ಅನ್ನುವವರಿಗೆ, ಅದು 2022ರಲ್ಲೇ ನಿಂತಿದೆ.

ಇದೇ ಜ್ವರಕ್ಕೆ ಜನ ಸತ್ತ ಸಾಗರ ತಾಲ್ಲೂಕಿನ ಅರಳಗೋಡು ನೆನಪಿದೆಯಾ? 2019. ಅಷ್ಟು ಬೇಗ ಮರೆತೆವಾ ಅನ್ನೋದೇ ನನ್ನ ಸಂಕಟ. 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾದಲ್ಲೂ ಇದು ಕಾಣಿಸಿಕೊಂಡಿದೆ. ಅಂಥದ್ದರಲ್ಲಿ ನಾವು ಮಂಗನಿಗೆ ಉಚಿತ ಪ್ರವಾಸ ಏರ್ಪಡಿಸುತ್ತಿದ್ದೇವೆ.

ವಿಡಿಯೊವನ್ನು ಮತ್ತೊಮ್ಮೆ ನೋಡಿದೆ. ಬೋನಿಗೆ ಬೆನ್ನು ಒರಗಿಸಿ ಕೂತ ಹುಡುಗ ಚಡ್ಡಿ, ಬನಿಯನ್ನಲ್ಲಿದ್ದಾನೆ, ಕಾಲಲ್ಲಿ ಹವಾಯಿ ಚಪ್ಪಲಿ. ಅವನನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಹೇಳಿ: ಬಿಸಿನೀರು ಸ್ನಾನ ಮಾಡಿ ಮೈ ಪೂರ್ತಿ ನೋಡಿಕೊಳ್ಳಲಿ. ಮುಂದಿನ ಎಂಟು ಹತ್ತು ದಿನದಲ್ಲಿ ಚಳಿಜ್ವರ, ಹಣೆ ಸಿಡಿಯುವ ನೋವು, ಸೊಂಟನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, "ನಾನು ಮಂಗ ಹಿಡಿಯೋಕೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಲಿ.