ವಿ ಸುಮ್ನೆ ತುರುಕಿದ ಪಾತ್ರ ಅಲ್ಲ

‘ಡೆವಿಲ್ ಮೇ ಕ್ರೈ 5’ ವಿಡಿಯೋ ಗೇಮ್ ಮಜವಾಗಿದೆ, ಆದರೆ ನಾವು ಆಡಿಸುವ ಮೂವರಲ್ಲಿ ಒಬ್ಬನಾದ ವಿ ಬಂದಾಗೆಲ್ಲ ಆಟ ಕುಂಟುತ್ತದೆ ಎಂದು ಬರೆದಿದ್ದೀರಿ. ಒಪ್ಪಲಾರೆ. ಮೊದಲ ಸಲ ನನಗೂ ಹಾಗೇ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಅವನ ಸಾಕುಪ್ರಾಣಿಗಳಂಥ ಗ್ರಿಫನ್, ಶ್ಯಾಡೋ ಎರಡೂ ಹೊಡೆದಾಡುತ್ತವೆ, ನಾವು ದೂರ ನಿಂತು ಬಟನ್ ಒತ್ತುತ್ತೇವೆ. ಆದರೆ ಕೊನೇ ಏಟನ್ನು ವಿ ತಾನೇ ಹೋಗಿ ಕೋಲಿನಿಂದ ಕೊಡಬೇಕು. ಅಲ್ಲೇ ಇರೋದು ಮಜಾ. ಮೈಯಲ್ಲಿ ತ್ರಾಣವಿಲ್ಲದ ಮನುಷ್ಯ ಗುಂಪಿನ ನಡುವೆ ನುಗ್ಗಿ, ಚುಚ್ಚಿ, ಜೀವ ಉಳಿಸಿಕೊಂಡು ವಾಪಸ್ ಬರಬೇಕು. ಅಷ್ಟರಲ್ಲಿ ಆ ಎರಡು ಪ್ರಾಣಿಗಳು ಏಟು ತಿಂದು ಬಿದ್ದರೆ ಮುಗಿಯಿತು, ಅವು ಏಳುವವರೆಗೆ ಓಡುತ್ತಾ ಇರಬೇಕು! ಈ ಲೆಕ್ಕ ಸಿಕ್ಕ ಮೇಲೆ ನಾನು ವಿ ಮಿಷನ್‌ಗಳನ್ನೇ ಜಾಸ್ತಿ ಆಡಿದ್ದೇನೆ.

ಕುಂಟುವುದು ಅಂದರೆ 2008ರ ನಾಲ್ಕನೇ ಭಾಗ. ಅದರಲ್ಲಿ ನಾವು ಆಡಿಸುವುದು ನೀರೋ, ಡಾಂಟೆ ಇಬ್ಬರನ್ನು; ನೀರೋ ಬಂದ ದಾರಿಯಲ್ಲೇ ಡಾಂಟೆಯನ್ನು ಹಿಂದಕ್ಕೆ ನಡೆಸಿದ್ದರು, ಮೇಲಾಗಿ ಬಾಸ್‌ಗಳು, ಅಂದರೆ ದೊಡ್ಡ ಶತ್ರುಗಳು, ಮತ್ತೆ ಅವೇ. 2019ರ ಈ ಐದನೆಯದರಲ್ಲಿ ನೀರೋ, ಡಾಂಟೆ, ವಿ ಮೂವರದೂ ಬೇರೆ ಬೇರೆ ಆಟ. ಡಾಂಟೆಯಂತೂ ಬೈಕನ್ನೇ ಎರಡು ಹೋಳು ಮಾಡಿ ಕೈಗೊಂದು ಹಿಡಿದು ಬೀಸುತ್ತಾನೆ, ಹೊಡೆತದ ಮಧ್ಯದಲ್ಲೇ ಹೊಡೆದಾಟದ ನಾಲ್ಕು ಸ್ಟೈಲ್ ಬದಲಾಯಿಸುತ್ತಾನೆ. ದೂರಬೇಕಾದರೆ ನೀರೋನ ಯಂತ್ರದ ಕೈ ಬಗ್ಗೆ ದೂರಿ. ಈಗಿರುವ ಕೈಯನ್ನು ಒಡೆಯದೆ ಮುಂದಿನ ಕೈಗೆ ಹೋಗುವ ಹಾಗಿಲ್ಲ, ಅದು ನನಗೂ ಕಿರಿಕಿರಿ.

ಅಂದಹಾಗೆ ನೀವು ಒಂದೇ ಸಲ ಆಡಿ ಬರೆದಿದ್ದೀರಿ ಅಲ್ವಾ? ಒಮ್ಮೆ ಮುಗಿಸಿದ ಮೇಲೆ ತೆರೆಯುವ ‘ಸನ್ ಆಫ್ ಸ್ಪಾರ್ಡಾ’ ಎಂಬ ಇನ್ನೂ ಕಷ್ಟದ ಹಂತದಲ್ಲಿ ವಿ ಆಡಿ ನೋಡಿ.