ಹೊರನಾಡಿನ ಫೀಸು

ಹೋದ ವಾರ ಫೋನಿನಲ್ಲಿ ಅಮ್ಮನಿಗೆ ಹೇಳಿದೆ: "ಪುಟ್ಟಿಯನ್ನ ಹೊರನಾಡಿಗೆ ಕಳಿಸೋಣ ಅಂತಿದೀವಿ." ಹಾಸನದಿಂದ ಕೂಡಲೇ ಉತ್ತರ ಬಂತು: "ಒಳ್ಳೇದಾಯ್ತು ಕಣೋ, ಹಳೇ ಹರಕೆನೂ ತೀರುತ್ತೆ. ಎಷ್ಟು ದಿನಕ್ಕೆ?" ನಾಲ್ಕು ವರ್ಷಕ್ಕೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾವಿರುವುದು ಟೆಕ್ಸಾಸಿನ ಫ್ರಿಸ್ಕೋದಲ್ಲಿ. ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೆ ಸೇರುವ ಮಕ್ಕಳಿಗೆ ಇಲ್ಲಿ 'ಔಟ್ ಆಫ್ ಸ್ಟೇಟ್' ಅನ್ನುತ್ತಾರೆ. ಅದನ್ನು ಕನ್ನಡದಲ್ಲಿ ಹೇಳಹೋಗಿ ಎಡವಟ್ಟಾಯಿತು. ಅನ್ನಪೂರ್ಣೇಶ್ವರಿಯ ಹೊರನಾಡಿಗೆ ಯಾರೇ ಹೋಗಲಿ, ಯಾವೂರು ಅಂತ ಕೇಳದೆ ಕೂರಿಸಿ ಬಡಿಸುತ್ತಾರೆ. ಅಮೆರಿಕದ ಹೊರನಾಡಿನಲ್ಲಿ ಮೊದಲು ಕೇಳುವುದೇ ಯಾವೂರು ಅಂತ. ಆಮೇಲೆ ಬಿಲ್ಲು.

ಮಿಷಿಗನ್ ಯೂನಿವರ್ಸಿಟಿಯನ್ನೇ ನೋಡಿ. 2024-25ರಲ್ಲಿ ಅದೇ ರಾಜ್ಯದ ಹುಡುಗನಿಗೆ ವರ್ಷದ ಫೀಸು ಸುಮಾರು 18 ಸಾವಿರ ಡಾಲರ್. ಹೊರಗಿನವನಿಗೆ 60 ಸಾವಿರ. ಇಬ್ಬರೂ ಕೂರುವುದು ಒಂದೇ ಸಾಲಿನಲ್ಲಿ, ತೂಕಡಿಸುವುದು ಒಂದೇ ಲೆಕ್ಚರಿಗೆ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದವನಿಗೆ ಆಧಾರ್ ಕಾರ್ಡ್ ನೋಡಿ ಇಡ್ಲಿ ರೇಟು ಹೇಳಿದ ಹಾಗೆ. ಸ್ಥಳೀಯರು ತೆರಿಗೆ ಕಟ್ಟಿದ್ದಾರಲ್ಲ ಅನ್ನುತ್ತಾರೆ. ಒಪ್ಪಿದೆ. ನಾವೂ ಕಟ್ಟಿದ್ದೇವೆ. ಟೆಕ್ಸಾಸಿನ ಮನೆ ತೆರಿಗೆ ಚೀಟಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಹಾಗಾದರೆ ಟೆಕ್ಸಾಸಿನಲ್ಲೇ ಓದಿಸಿ ಅಂತೀರಾ? ಇಲ್ಲಿ 1997ರ ಒಂದು ಕಾನೂನಿದೆ. ಹೈಸ್ಕೂಲಿನ ಮೊದಲ ಶೇ 10ರ ಒಳಗಿದ್ದರೆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಗ್ಯಾರಂಟಿ. ಎಲ್ಲರಿಗೂ ಬೇಕಾದ ಆಸ್ಟಿನ್ ಯೂನಿವರ್ಸಿಟಿಗೆ ಮಾತ್ರ ಅದು ಇಳಿದು ಇಳಿದು ಶೇ 5ಕ್ಕೆ ಬಂದಿದೆ. ಫ್ರಿಸ್ಕೋದ ಹೈಸ್ಕೂಲಿನಲ್ಲಿ ಶೇ 5ರ ಒಳಗೆ ಬರುವುದು ಅಂದರೆ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿ ಸೀಟು ಹಿಡಿದ ಹಾಗೆ. ಎಲ್ಲರ ಅಪ್ಪಂದಿರೂ ಆಗಲೇ ಟವೆಲ್ ಹಾಕಿರುತ್ತಾರೆ.

ಇನ್ನೊಂದು ಕಡೆ, ಹೊರಗಿನಿಂದ ಟೆಕ್ಸಾಸಿಗೆ ಬರುವ ಹುಡುಗನಿಗೆ ಇಲ್ಲಿನ ಕಾಲೇಜು ಸ್ಪರ್ಧೆಯ ಮೇಲೆ 1,000 ಡಾಲರ್ ಸ್ಕಾಲರ್‌ಶಿಪ್ ಕೊಟ್ಟರೆ ಸಾಕು, ಅವನಿಗೆ ಸ್ಥಳೀಯರ ಫೀಸನ್ನೇ ಹಾಕಲು ಕಾನೂನಿನಲ್ಲಿ ದಾರಿ ಇದೆ. ಅಲ್ಲಿನ ಹುಡುಗ ಸಾವಿರ ಡಾಲರಿಗೆ ಟೆಕ್ಸಾಸಿನವನಾಗಬಹುದು. ಇಲ್ಲೇ ಹುಟ್ಟಿದ ನಮ್ಮ ಹುಡುಗಿ ರೆಡ್ ರಿವರ್ ಸೇತುವೆ ದಾಟಿ ಒಕ್ಲಹೋಮದಲ್ಲಿ ಹೊರಗಿನವಳಾಗಬೇಕು. ಎದುರು ಬದುರು ಬಸ್ಸು ಓಡಿಸಿ ಎರಡೂ ಕಡೆ ಟಿಕೆಟ್ ಹರಿಯುವುದು ಅಂದರೆ ಇದೇ ಅಲ್ವಾ?

ನಗಬೇಡಿ, ಈ ವಿದ್ಯೆಯಲ್ಲಿ ನಾವೇ ಸೀನಿಯರ್ಸ್. 1989ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ವರ್ಷದ ಫೀಸು ಗೊತ್ತು ಮಾಡಿತ್ತು. ಸರ್ಕಾರಿ ಸೀಟಿಗೆ 2,000 ರೂಪಾಯಿ. ಉಳಿದ ಕರ್ನಾಟಕದವರಿಗೆ 25,000ದವರೆಗೆ. ಹೊರ ರಾಜ್ಯದವರಿಗೆ 60,000ದವರೆಗೆ. ಮೀರತ್‌ನಿಂದ ಬಂದ ಹುಡುಗಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಕೋರ್ಟು, ಇದು ಫೀಸಲ್ಲ, ಕ್ಯಾಪಿಟೇಶನ್, ಅಂದರೆ ಸೀಟಿಗೆ ಕೊಡುವ ಡೊನೇಷನ್, ಅಂದಿತು. ಮಿಷಿಗನ್ನಿನವರು ನಮ್ಮದೇ ಅಂಕಿ ಕಾಪಿ ಹೊಡೆದಿದ್ದಾರೆ, ರೂಪಾಯಿ ಇದ್ದ ಕಡೆ ಡಾಲರ್ ಹಾಕಿಕೊಂಡು. ನಾವು ಡೊನೇಷನ್ ಅಂದರೆ ನಾಚಿಕೆಯಾದರೂ ಪಡುತ್ತಿದ್ದೆವು, ಸೂಟ್‌ಕೇಸು ಹಿಂಬಾಗಿಲಿನಿಂದ ಹೋಗುತ್ತಿತ್ತು. ಇಲ್ಲಿ ವೆಬ್‌ಸೈಟಿನಲ್ಲೇ ರೇಟು ಹಾಕಿ, ಪಕ್ಕದಲ್ಲಿ ನಗುವ ಹುಡುಗಿಯ ಫೋಟೋ ಹಾಕಿರುತ್ತಾರೆ.

ಈ ಫೀಸನ್ನು ಯಾರು ಕಟ್ಟುತ್ತಾರೆ ಅಂತ ನನಗೂ ಅನುಮಾನವಿತ್ತು. ಒಂದು ಸಂಜೆ ಮಗಳ ಲ್ಯಾಪ್‌ಟಾಪಿನಲ್ಲಿ ಬಣ್ಣದ ಕಾಗದದ ಚೂರು ಉದುರಿ ಪತ್ರವೊಂದು ತೆರೆದುಕೊಂಡಿತು. ಒಂದು ಯೂನಿವರ್ಸಿಟಿ ಅವಳ ಪ್ರತಿಭೆ ಮೆಚ್ಚಿ ವರ್ಷಕ್ಕೆ 20 ಸಾವಿರ ಡಾಲರ್ ಸ್ಕಾಲರ್‌ಶಿಪ್ ಕೊಟ್ಟಿತ್ತು. ನಾನು ಎದ್ದು ದೇವರಿಗೆ ದೀಪ ಹಚ್ಚಿದೆ. ಹೆಂಡತಿ ಕನ್ನಡಕ ಹಾಕಿ ಮೇಲಿಂದ ಕೆಳಗೆ ಓದಿದಳು. "ರೀ, ಇದು ಆಷಾಢದ ಸೇಲ್ ಕಣ್ರೀ. ಮೊದಲು ಹೊರಗಿನವರ ರೇಟು ಬರೆದಿದ್ದಾರೆ. ಅದರ ಮೇಲೆ ಗೆರೆ ಎಳೆದು ಕಮ್ಮಿ ಮಾಡಿದ್ದಾರೆ. ಇಷ್ಟಾದ ಮೇಲೂ ಅಲ್ಲಿಯವರು ಕಟ್ಟೋದಕ್ಕಿಂತ ಜಾಸ್ತಿನೇ ಇದೆ." ಚಿಕ್ಕಪೇಟೆಯಲ್ಲಿ ಹತ್ತು ವರ್ಷ ಸೀರೆ ಚೌಕಾಸಿ ಮಾಡಿದವಳ ಮುಂದೆ ಯಾವ ಅಡ್ಮಿಷನ್ ಆಫೀಸೂ ನಿಲ್ಲುವುದಿಲ್ಲ. ಆದರೂ ಪತ್ರವನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದು ಅವಳೇ.

ಈ ಸೇಲಿನಲ್ಲಿ ಹೆಸರು ಮಾಡಿದ್ದು ಅಲಬಾಮಾ ಯೂನಿವರ್ಸಿಟಿ. ಮಾರ್ಕ್ಸ್ ಇಷ್ಟಿದ್ದರೆ ಸ್ಕಾಲರ್‌ಶಿಪ್ ಇಷ್ಟು ಅಂತ ಪಟ್ಟಿಯನ್ನೇ ಹಾಕಿ ಕರೆದರು. ಈಗ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೊರ ರಾಜ್ಯದವರು. ಅಲಬಾಮಾದಲ್ಲಿ ಅಲಬಾಮಾದವರನ್ನು ಹುಡುಕಬೇಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾರ್ತ್ ಕೆರೊಲಿನಾ ಉಲ್ಟಾ. ಚಾಪೆಲ್ ಹಿಲ್‌ನ ತನ್ನ ಯೂನಿವರ್ಸಿಟಿಯಲ್ಲಿ ಮೊದಲ ವರ್ಷಕ್ಕೆ ಹೊರಗಿನವರು ಶೇ 18 ಮೀರಬಾರದು ಅಂತ ಬೇಲಿ ಹಾಕಿಕೊಂಡಿದೆ. ಮೇನ್ ರಾಜ್ಯದವರು ತರಕಾರಿ ಅಂಗಡಿ ಲೆಕ್ಕ ಹಿಡಿದರು. ನಿಮ್ಮೂರ ದೊಡ್ಡ ಯೂನಿವರ್ಸಿಟಿಯಲ್ಲಿ ಎಷ್ಟು? ಅಷ್ಟೇ ಕೊಡಿ, ಬನ್ನಿ. ಎಲ್ಲ ರಾಜ್ಯಕ್ಕೂ ಅಲ್ಲ, ಆಯ್ದ ಗಿರಾಕಿಗಳಿಗೆ.

ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು ಕಥೆ ಇನ್ನೂ ಚಂದ. ಅಲ್ಲಿ ಟ್ಯೂಬಿನ ಮೇಲೆ ಮಲಗಿ ತೇಲಲು ಒಂದು ಕೃತಕ ಹೊಳೆ ಮಾಡಿದ್ದಾರೆ. ಆಕಾರ ಏನು ಗೊತ್ತಾ? ಎಲ್, ಎಸ್, ಯು. ದುಡ್ಡು ಮಕ್ಕಳ ಶುಲ್ಕದ್ದು. ಮಗಳಿಗೆ ಅದರ ಫೋಟೋ ತುಂಬಾ ಹಿಡಿಸಿತು. "ಅಪ್ಪ, ಅಲ್ಲಿ ಓದೋ ವಾತಾವರಣ ಇದೆ" ಅಂದಳು.

ಎಲ್ಲರಿಗೂ ಒಂದೇ ಫೀಸು ತೆಗೆದುಕೊಳ್ಳುವ ಸರ್ಕಾರಿ ಯೂನಿವರ್ಸಿಟಿಯೂ ಒಂದು ಸಿಕ್ಕಿತು. ನಾರ್ತ್ ಡಕೋಟಾದ ಮೈನಾಟ್ ಸ್ಟೇಟ್. ಕೆನಡಾ ಗಡಿ ಅಲ್ಲೇ ಪಕ್ಕ. ಚಳಿಗಾಲದಲ್ಲಿ ಕಣ್ಣೀರು ಕೆನ್ನೆಗೆ ಬರುವ ಮೊದಲೇ ಗಟ್ಟಿಯಾಗುವ ಊರು. ನನಗೆ ಬಲು ಇಷ್ಟವಾಯಿತು. ಮಗಳು ಹವಾಮಾನದ ಆ್ಯಪ್ ತೆರೆದು ಫೋನನ್ನು ನನ್ನ ಮುಂದೆ ಇಟ್ಟು ಎದ್ದು ಹೋದಳು.

"ಒಂದು ವರ್ಷ ಅಲ್ಲೇ ಇದ್ದರೆ ಅವಳೂ ಅಲ್ಲಿಯವಳೇ ಆಗ್ತಾಳಲ್ಲ, ಆಮೇಲೆ ಕಮ್ಮಿ ಆಗುತ್ತೆ" ಅಂತ ಪಕ್ಕದ ಮನೆಯವರು ಸಮಾಧಾನ ಹೇಳಿದರು. ಆಗುವುದಿಲ್ಲ ಸ್ವಾಮಿ. ಹೆಚ್ಚಿನ ರಾಜ್ಯಗಳಲ್ಲಿ ಓದಲು ಬಂದು ಇದ್ದರೆ ಅದು ಇದ್ದ ಲೆಕ್ಕವಲ್ಲ. ನಾಲ್ಕು ವರ್ಷ ಅಲ್ಲೇ ಮಲಗಿ, ಅಲ್ಲೇ ನೆಗಡಿ ಹಿಡಿಸಿಕೊಂಡು, ಅಂಗಡಿಯಲ್ಲಿ ಅಲ್ಲಿನ ಟ್ಯಾಕ್ಸೇ ಕೊಟ್ಟರೂ ಅವಳು ಮನೆಗೆ ಬಂದ ನೆಂಟಳು. ನನಗೆ ಇದೇನು ಹೊಸದಲ್ಲ. ಸಿಇಟಿಗೆ ಕೂತಾಗ ಏಳು ವರ್ಷ ಕರ್ನಾಟಕದಲ್ಲೇ ಓದಿದ್ದೇನೆ ಅಂತ ಸಾಬೀತು ಮಾಡಲು ಬಿಇಒ ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕೂತಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದರು.

ನಿನ್ನೆ ಅಮ್ಮ ಮತ್ತೆ ಫೋನ್ ಮಾಡಿದಳು. ಮೊಮ್ಮಗಳು ಹೋಗುವುದು ಯಾವ ಹೊರನಾಡಿಗೆ ಅಂತ ಈಗ ಅರ್ಥವಾಗಿದೆ. ಫೀಸು ಕೇಳಿ ಸುಧಾರಿಸಿಕೊಂಡೂ ಆಗಿದೆ.

"ಹೋಗ್ಲಿ ಬಿಡು, ಅಷ್ಟು ತಗೊಂಡ ಮೇಲೆ ಊಟನಾದ್ರೂ ಚೆನ್ನಾಗಿ ಹಾಕ್ತಾರಾ?"

"ಊಟಕ್ಕೆ ಬೇರೆ ಕಟ್ಟಬೇಕಮ್ಮ. ಮೊದಲ ವರ್ಷ ಬೇಡ ಅನ್ನೋ ಹಾಗೂ ಇಲ್ಲ."

"ಊಟಕ್ಕೂ ದುಡ್ಡಾ? ಹೊರನಾಡಲ್ಲಾ?"