ಡಿಕಾಕ್ಷನ್ ಇಳಿಯದ ಬೆಳಗು

ಬೆಳಿಗ್ಗೆ ಆರೂವರೆಗೆ ಫಿಲ್ಟರಿನ ಮುಂದೆ ನಿಂತು "ಇನ್ನೂ ಇಳಿದಿಲ್ವೇನೇ?" ಎಂದು ಗೊಣಗುವವರ ಪ್ರಶ್ನೆಗೆ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲೇ ಉತ್ತರ ಬರೆದಿಟ್ಟಿದ್ದಾನೆ. ದೀಜೋನ್ ಊರಿಗೆ ನೀರು ತಂದವನು ಅವನು. ಮರಳು ತುಂಬಿದ ಕೊಳವೆಯಲ್ಲಿ ನೀರು ಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂದು ಕೂತು ಅಳೆದ. ನೀರಿನ ಮಟ್ಟ ಎತ್ತರವಿದ್ದಷ್ಟೂ ಬೇಗ, ಮರಳಿನ ಪದರ ದಪ್ಪವಾದಷ್ಟೂ ನಿಧಾನ. ಮರಳಿನ ಜಾಗದಲ್ಲಿ ಕಾಫಿಪುಡಿ ಹಾಕಿದರೆ ನಮ್ಮ ಮನೆಯ ಸಮಾಚಾರ. ಪುಡಿಯ ಕಣ ಅರ್ಧದಷ್ಟು ಸಣ್ಣದಾದರೆ ಹರಿವು ಅರ್ಧವಲ್ಲ, ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. "ಸ್ವಲ್ಪ ನುಣ್ಣಗೆ ಬೀಸಿಕೊಡಿ" ಎಂದು ಅಂಗಡಿಯವನಿಗೆ ಹೇಳಿದ ಆ ಒಂದು ಮಾತಿಗೆ ತಿಂಗಳಿಡೀ ಕಾಯಬೇಕು.

ಇಬ್ಬರಿಗೆ ಇಪ್ಪತ್ತು ಗ್ರಾಂ ಪುಡಿ, ಅಂದರೆ ಮೂರು ದೊಡ್ಡ ಚಮಚ, ಕುದಿನೀರು 140 ಮಿಲಿಲೀಟರ್. ಕೆಳಗೆ ಸಿಗುವುದು ನೂರರಷ್ಟು. ಉಳಿದ ನಲವತ್ತನ್ನು ಪುಡಿಯೇ ಕುಡಿದಿರುತ್ತದೆ, ಮನೆಯವರನ್ನು ಅನುಮಾನಿಸಬೇಡಿ. ಹಿಡಿಯಿರುವ ತೂತುಬಿಲ್ಲೆಯನ್ನು ಪುಡಿಯ ಮೇಲೆ ಇಟ್ಟರೆ ಸಾಕು, ಹಳೇ ದ್ವೇಷ ತೀರಿಸಿಕೊಳ್ಳುವಂತೆ ಒತ್ತಬಾರದು. ಎಲ್ಲ ಸರಿಯಿದ್ದೂ ತೊಟ್ಟಿಕ್ಕುವುದು ನಿಂತರೆ ತಪ್ಪು ಗಾಳಿಯದು. ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂತಾಗ ಇಳಿದ ಡಿಕಾಕ್ಷನ್ ಒಳಗಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ತಿರುಗಿ ಮೇಲಕ್ಕೆ ಒತ್ತುತ್ತದೆ. ಮೇಲಿನದನ್ನು ಒಂದು ಕೂದಲೆಳೆಯಷ್ಟು ಎತ್ತಿ ಬಿಡಿ. ಫಿಲ್ಟರಿನ ತಲೆಗೆ ಮೊಟಕಿದಾಗ ಇಳಿಯುವುದೂ ಬಹಳ ಸಲ ಇದೇ ಕಾರಣಕ್ಕೆ, ಹೆದರಿ ಅಲ್ಲ.

ಈ ನಡುವೆ ಹಾಲು ಉಕ್ಕಿರುತ್ತದೆ. ನೀರು ಎಷ್ಟು ಕುದಿದರೂ ಉಕ್ಕುವುದಿಲ್ಲ, ಅದರ ಗುಳ್ಳೆ ಮೇಲೆ ಬಂದ ಕೂಡಲೇ ಒಡೆಯುತ್ತದೆ. ಹಾಲಿನ ಗುಳ್ಳೆಗೆ ಪ್ರೋಟೀನಿನ ಅಂಗಿ, ಮೇಲೆ ಕೆನೆಯ ಕಂಬಳಿ. ಒಡೆಯಲಾರದೆ ಒಂದರ ಮೇಲೊಂದು ಏರುತ್ತವೆ. ಒಂದೇ ಒಂದು ಮಿಲಿಲೀಟರ್ ನೀರು ಹಬೆಯಾದರೆ ಅದಕ್ಕೆ ಸುಮಾರು 1.6 ಲೀಟರ್ ಜಾಗ ಬೇಕು. ಅರ್ಧ ಲೀಟರಿನ ಪಾತ್ರೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಸ್ಟವ್ ಮೇಲಕ್ಕೇ. ಪಾತ್ರೆಯ ಅಡ್ಡಕ್ಕೆ ಮರದ ಸೌಟು ಇಡುವ ಉಪಾಯ ಕೆಲಸ ಮಾಡುತ್ತದೆ, ಒಣಗಿದ ತಣ್ಣನೆಯ ಮರ ತಾಗಿ ಗುಳ್ಳೆ ಒಡೆಯುತ್ತದೆ. ಆದರೆ ಸೌಟು ಬಿಸಿಯಾಗಿ ಒದ್ದೆಯಾಗುವವರೆಗೆ ಮಾತ್ರ. ಅದನ್ನು ನಂಬಿ ಫೋನಿಗೆ ಹೋದವರು ಒರೆಸುವ ಬಟ್ಟೆಯನ್ನೂ ಹತ್ತಿರ ಇಟ್ಟುಕೊಂಡಿರಲಿ.

ವಿಚಿತ್ರವೆಂದರೆ ಗೃಹಪ್ರವೇಶದ ದಿನ, ನೂರು ಜನ ಕಣ್ಣರಳಿಸಿ ನಿಂತಾಗ, ಇದೇ ಹಾಲು ಉಕ್ಕಲು ಒಲ್ಲೆ ಎನ್ನುತ್ತದೆ. ಶಾಸ್ತ್ರಕ್ಕೆಂದು ಅಗಲಬಾಯಿಯ ಹೊಸ ಪಾತ್ರೆಗೆ ಒಂದು ಲೋಟ ಹಾಲು ಹಾಕಿ ಸಣ್ಣ ಉರಿಯಲ್ಲಿಟ್ಟರೆ ಅದು ತಾನೇ ಏನು ಮಾಡೀತು? ಕಂಠ ಕಿರಿದಾದ ಪಾತ್ರೆ, ಮುಕ್ಕಾಲು ತುಂಬ ಹಾಲು, ದೊಡ್ಡ ಉರಿ. ಪುರೋಹಿತರ ಮುಹೂರ್ತ ತಪ್ಪುವುದಿಲ್ಲ.

ಇನ್ನು ಲೋಟದಿಂದ ಬಟ್ಟಲಿಗೆ ಸುರಿಯುವ ಘಟ್ಟ. ಇಲ್ಲಿ ಜಾಗ್ರತೆಯೇ ಶತ್ರು. ಚೆಲ್ಲೀತೆಂದು ಹೆದರಿ ಮೆಲ್ಲಗೆ ಬಗ್ಗಿಸಿದರೆ ಕಾಫಿ ಅಂಚು ದಾಟಿ ಕೆಳಗೆ ಬೀಳುವ ಬದಲು ಲೋಟದ ಹೊರಮೈಯನ್ನು ತಬ್ಬಿಕೊಂಡು ಇಳಿದು ಮೊಣಕೈವರೆಗೆ ಬರುತ್ತದೆ. ಅಂಚಿನಲ್ಲಿ ತಿರುಗುವ ದ್ರವದೊಳಗೆ ಒತ್ತಡ ಕಡಿಮೆಯಾಗಿ, ಹೊರಗಿನ ಗಾಳಿ ಅದನ್ನು ಪಾತ್ರೆಯತ್ತ ತಳ್ಳುತ್ತದೆ. ಸ್ಟೀಲು ಒದ್ದೆಯಾಗಿದ್ದರಂತೂ ದ್ರವ ಬಿಡದೆ ಅಂಟುತ್ತದೆ. ಪರದೇಶದಲ್ಲಿ ಇದಕ್ಕೆ ಟೀಪಾಟ್ ಪರಿಣಾಮ ಎಂದು ಹೆಸರು. ಹನಿ ಸೋರದ ಟೀಪಾಟಿನ ಮೂತಿಯನ್ನು ಲೆಕ್ಕ ಹಾಕಿದ ಜೋಸೆಫ್ ಕೆಲ್ಲರ್ ಮತ್ತು ಜ್ಯಾಂ-ಮಾರ್ಕ್ ವಾಂಡೆನ್-ಬ್ರೂಕ್ ಅವರಿಗೆ 1999ರ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅದೇ ವರ್ಷ ಅದನ್ನು ಹಂಚಿಕೊಂಡ ಇನ್ನೊಬ್ಬರು ಲೆನ್ ಫಿಶರ್, ಚಹಾದಲ್ಲಿ ಬಿಸ್ಕತ್ತು ಅದ್ದುವ ಸರಿಯಾದ ಕ್ರಮ ಹೇಳಿದ್ದಕ್ಕೆ.

ಪರಿಹಾರ ಅವರ ಸಮೀಕರಣಕ್ಕಿಂತ ಸುಲಭ: ಲೋಟವನ್ನು ಧೈರ್ಯವಾಗಿ, ಒಂದೇ ಸಲ ಬಗ್ಗಿಸಿ. ಧಾರೆ ಜೋರಾಗಿ ಹೊರಟರೆ ಅಂಚು ಅದನ್ನು ಹಿಡಿಯಲಾರದು. ಲೋಟ, ಬಟ್ಟಲುಗಳ ಬಾಯಿ ಹೊರಕ್ಕೆ ಮಡಿಸಿರುವುದೂ ಅಂದಕ್ಕಷ್ಟೇ ಅಲ್ಲ. ಎರಡಡಿ ಎತ್ತರದಿಂದ ಬಿದ್ದ ಕಾಫಿ ಸೆಕೆಂಡಿಗೆ ಮೂರೂವರೆ ಮೀಟರ್ ವೇಗದಲ್ಲಿ ಬಟ್ಟಲು ಸೇರಿ, ಗಾಳಿಯನ್ನೂ ಎಳೆದುಕೊಂಡು ಹೋಗಿ ನೊರೆ ಎಬ್ಬಿಸುತ್ತದೆ. ಇನ್ನೂ ಎತ್ತರ ಹೋದರೆ ಧಾರೆ ಹನಿಹನಿಯಾಗಿ ಒಡೆಯುತ್ತದೆ. ಅಲ್ಲಿಂದ ಮುಂದೆ ಅದು ಕಾಫಿಯಲ್ಲ, ಪ್ರೋಕ್ಷಣೆ.

ಆ ನೊರೆ ಬರೀ ಶೋಕಿಯಲ್ಲ. ಆರೂವರೆ ಸೆಂಟಿಮೀಟರ್ ಅಗಲದ ಲೋಟದಲ್ಲಿ ಕಾಫಿ ಸೆಕೆಂಡಿಗೆ ಮೂರೂಮುಕ್ಕಾಲು ಸಲ ತೂಗುತ್ತದೆ. ಲೋಟ ಹಿಡಿದು ನಡೆಯುವಾಗ ನಾವು ಅಷ್ಟೇ ಹೊತ್ತಿನಲ್ಲಿ ಹಾಕುವುದು ಎರಡು ಹೆಜ್ಜೆ. ಎರಡು ತೂಗಿಗೊಮ್ಮೆ ಉಯ್ಯಾಲೆ ತಳ್ಳಿದಂತಾಗಿ, ಏಳೆಂಟು ಹೆಜ್ಜೆಯೊಳಗೆ, ಸರಿಯಾಗಿ ಬೀಗರ ಮುಂದೆ, ತುಳುಕುತ್ತದೆ. ನಾಲ್ಕೈದು ಪದರ ಗುಳ್ಳೆ ಮೇಲಿದ್ದರೆ ಈ ತೂಗಾಟ ಅಡಗುತ್ತದೆಂದು 2015ರಲ್ಲಿ ಅಳೆದು ತೋರಿಸಿದ್ದಾರೆ. ನೊರೆಯಿಲ್ಲದಿದ್ದರೆ ಲೋಟದ ಬಾಯಿಯಿಂದ ಎರಡು ಬೆರಳು ಖಾಲಿ ಬಿಡಿ, ಬಟ್ಟಲಿನಲ್ಲಿಟ್ಟೇ ತನ್ನಿ.

ಇಷ್ಟಾದರೂ ಒಂದು ಹನಿ ಕರೆಂಟ್ ಬಿಲ್ಲಿನ ಮೇಲೆ ಬಿದ್ದೇ ಬೀಳುತ್ತದೆ. ಒರೆಸುವ ಮೊದಲು ಒಂದಿಷ್ಟು ಒಣಗಲು ಬಿಟ್ಟು ನೋಡಿ. ನಡುವೆ ತೆಳು ಕಂದು, ಸುತ್ತ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ಹನಿಯ ಅಂಚು ಕಾಗದಕ್ಕೆ ಅಂಟಿ ಕೂತಿರುತ್ತದೆ, ಅಲ್ಲೇ ನೀರು ಬೇಗ ಆರುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತ ಕಾಫಿಯ ಕಣಗಳನ್ನೂ ಹೊತ್ತೊಯ್ದು ಅಲ್ಲಿ ಸುರಿಯುತ್ತದೆ. ಷಿಕಾಗೋ ವಿಶ್ವವಿದ್ಯಾಲಯದವರು 1997ರಲ್ಲಿ ಇದನ್ನು ವಿವರಿಸಿದ ಮೇಲೆ ಮುದ್ರಣದ ಶಾಯಿ ತಯಾರಿಸುವವರೂ ಈ ಗೆರೆಯ ಹಿಂದೆ ಬಿದ್ದರು. ಲೋಟದ ತಳ ಬಿಟ್ಟ ಉಂಗುರ ಮಾತ್ರ ಬೇರೆ, ಅದು ಬರೀ ಠಸ್ಸೆ. ಬಿಲ್ಲಿನ ಮೇಲೆ ಎರಡೂ ಇದ್ದರೆ ಹನಿ ಬಿದ್ದದ್ದೂ ನಿಮ್ಮಿಂದಲೇ, ಲೋಟ ಇಟ್ಟದ್ದೂ ನೀವೇ.